ಎರಡು ಕುರ್ಚಿಯ ಅತ್ತೆ

ನಮ್ಮ ಅತ್ತೆ ತನಗೆ ತಾನೇ ಅರ್ಜಿ ಕೊಟ್ಟು, ತನ್ನಿಂದಲೇ ಬೈಸಿಕೊಂಡು ಬರುವ ಹೆಂಗಸು. ನಂಬುವುದಿಲ್ಲವೇ? ಕೇಳಿ!

ಅಪ್ಪನ ಅಕ್ಕ ಅವಳು, ಕುಂದಾಪುರದ ಕಡೆಯವಳು. ಸಂಜೆ ಆರರ ತನಕ ಠಾಣೆ ಶಹರದ ಒಂದು ಸರ್ಕಾರಿ ಕಚೇರಿಯಲ್ಲಿ ಬಂದ ಕಾಗದಗಳಿಗೆಲ್ಲ 'ಆವಕ' ಎಂದು ಸೀಲು ಹೊಡೆಯುವ ಗುಮಾಸ್ತೆ. ಆರರ ನಂತರ ವರ್ತಕ ನಗರದಲ್ಲಿ ನಮ್ಮ ವಾರ್ಡ್ ಸಮಿತಿಯ ಸದಸ್ಯೆ. ಸದಸ್ಯೆ ಬರೆದ ದೂರನ್ನು ಮರುದಿನ ಗುಮಾಸ್ತೆ ತೆಗೆದುಕೊಳ್ಳುತ್ತಾಳೆ. ಒಮ್ಮೆ ಜೆರಾಕ್ಸ್ ಪ್ರತಿ ಇಲ್ಲವೆಂದು ತನ್ನ ಅರ್ಜಿಯನ್ನೇ ವಾಪಸು ಮಾಡಿ, ಮನೆಗೆ ಬಂದು ಗೋಳಾಡಿದಳು: "ಆ ಕಚೇರಿಯವರಿಗೆ ಮನುಷ್ಯತ್ವವೇ ಇಲ್ಲ ಮಾರಾಯ್ತಿ!"

"ಕಚೇರಿಯವರು ಅಂದ್ರೆ ನೀನೇ ಅಲ್ವಾ ಅತ್ತೆ?"

"ಆರು ಗಂಟೆಯ ಮೇಲೆ ನಾನಲ್ಲ!"

ಸರ್ಕಾರಿ ನೌಕರಳಿಗೆ ಇನ್ನೊಂದು ಹುದ್ದೆ ಯಾಕೆ ಎಂದು ಕಚೇರಿಯ ಸಾಹೇಬರು ಕೇಳಿದಾಗಲೂ ಅಷ್ಟೇ. "ಕುರ್ಚಿ ಎರಡು, ಕೂರುವವಳು ಒಬ್ಬಳೇ. ಸರ್ಕಾರಕ್ಕೆ ಎಂತ ನಷ್ಟ?"

ನಮ್ಮ ಕಟ್ಟಡದ ಮೆಟ್ಟಿಲು ಬಿರುಕು ಬಿಟ್ಟಿದೆಯೆಂದು ಸದಸ್ಯೆ ಮೂರು ಸಲ ಬರೆದಳು. ಗುಮಾಸ್ತೆ ಮೂರು ಸಲ ಸೀಲು ಹೊಡೆದಳು. ಕಡತ ಮಾತ್ರ ಅಲ್ಲಾಡಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಮೆಟ್ಟಿಲೇ ಅಲ್ಲಾಡಿತು! ಕೆಳಗಿನ ಕಂಬ ಕಟಕಟ ಅನ್ನುತ್ತಿತ್ತು. ಅಕ್ಕಪಕ್ಕದವರಿಗೆ ಹೇಳಿದರೆ ನಕ್ಕರು. ಅತ್ತೆಗೆ ಫೋನ್ ಮಾಡಿದೆ.

"ಲಿಖಿತದಲ್ಲಿ ಕೊಡು," ಎಂದಳು ಗುಮಾಸ್ತೆ. ಫೋನ್ ಇಟ್ಟೇಬಿಟ್ಟಳು.

ಹತ್ತೇ ನಿಮಿಷ. ರಿಕ್ಷಾದಿಂದ ಜಿಗಿದವಳ ಕೈಯಲ್ಲಿ ಸೀಲು ಹಾಗೆಯೇ ಇತ್ತು! ಅದರಲ್ಲೇ ಬಾಗಿಲು ಬಾಗಿಲು ಬಡಿದಳು. ಹೊಡೆದಲ್ಲೆಲ್ಲ 'ಆವಕ', 'ಆವಕ'! ಎರಡನೇ ಮಹಡಿಯ ಮರಾಠಿ ಅಜ್ಜ, ಆಜೋಬಾ, ನೋಟಿಸ್ ಎಲ್ಲಿ ಎಂದು ಅಡ್ಡ ನಿಂತರು: "ನೋಟಿಸ್ ಕುಠೇ ಆಹೆ, ಮ್ಯಾಡಮ್?"

"ಮೀಚ್ ನೋಟಿಸ್! ಚಲಾ ಬಾಹೇರ್!"

ನಾನೇ ನೋಟಿಸು, ನಡೀರಿ ಹೊರಗೆ! ಇದಕ್ಕೆ ಮೇಲ್ಮನವಿ ಉಂಟೇ? ಕೊನೆಗೆ ಉಳಿದವಳು ನಾನು. ನನ್ನ ಮಣಿಕಟ್ಟು ಹಿಡಿದು ಎಳೆದಳು. ನಾವು ಗೇಟು ದಾಟಿದ್ದೇ ತಡ, ಹಿಂದೆ ಮೂರು ಮಹಡಿಯ ಮೆಟ್ಟಿಲು ಒಟ್ಟಿಗೆ ಕುಸಿದು ಕೂತವು. ಈಗಲೂ ಎಲ್ಲಿ ಮೆಟ್ಟಿಲಿಳಿದರೂ ಒಂದೊಂದನ್ನೇ ಎಣಿಸುತ್ತೇನೆ.

ಹದಿನೆಂಟು ಮನೆ, ಒಬ್ಬರಿಗೂ ಗಾಯವಿಲ್ಲ. ಅತ್ತೆಗೆ ಹಾರ ಬಂತೇ? ಮೆಮೊ ಬಂತು! 'ಒಂದು ಹುದ್ದೆ ಬಿಡಬೇಕು. ಕೆಲಸದ ವೇಳೆಯಲ್ಲಿ ಸೀಲಿನ ಸಮೇತ ಹೊರಹೋದದ್ದು ಯಾವ ಹುದ್ದೆಯ ಅಧಿಕಾರದಿಂದ?'

ಪೆನ್ಷನ್‌ಗೆ ಇನ್ನೆರಡು ವರ್ಷ. "ಸಮಿತಿ ಬಿಟ್ಟುಬಿಡು ಅತ್ತೆ," ಎಂದೆ.

"ಬಿಡುವುದಾ? ಬೇಕಾದರೆ ಅವರೇ ಕಿತ್ತುಕೊಳ್ಳಲಿ. ನನ್ನ ಕೈಯಾರೆ ಕೊಡುವುದಿಲ್ಲ."

ಕೇಳುವ ಕೈ, ಕೊಡುವ ಕೈ ಒಂದೇ ಆಗಬಾರದು ಎಂಬ ನಿಯಮ ಸರಿಯೇ ಇರಬಹುದು. ಒಪ್ಪುತ್ತೇನೆ. ಆದರೆ ಆ ಮಂಗಳವಾರ ನಮ್ಮ ಮೆಟ್ಟಿಲ ಮೇಲೆ ನಿಯಮ ನಿಂತಿರಲಿಲ್ಲ ಸ್ವಾಮಿ, ಅತ್ತೆ ನಿಂತಿದ್ದಳು!

ನಾನು ಒಂದೂವರೆ ಪುಟದ ಉತ್ತರ ಟೈಪ್ ಮಾಡಿ ಅವಳ ಕೌಂಟರಿಗೇ ಒಯ್ದು ಕೊಟ್ಟೆ. ಓದದೆ ಮಡಚಿಟ್ಟಳು. ಮೆಮೊದಲ್ಲಿ 'ಯಾವ ಹುದ್ದೆ' ಎಂದಿದ್ದಲ್ಲಿ ಮರಾಠಿಯಲ್ಲಿ ಒಂದೇ ಶಬ್ದ ಬರೆದಳು: 'ಆತ್ಯಾ'. ಅತ್ತೆ.

ಆಮೇಲೆ ಅದಕ್ಕೂ ಆವಕ ಸೀಲು ಹೊಡೆದಳು. ಅಚ್ಚು ಸ್ವಲ್ಪ ವಾರೆಯಾಗಿ ಬಿತ್ತು. ನೇರ ಮಾಡಲು ಹೋಗದೆ, ಕಾಗದವನ್ನು ಸಾಹೇಬರ ಟ್ರೇಗೆ ಹಾಕಿ ಮುಂದಿನವರನ್ನು ಕರೆದಳು.