ಸೊನ್ನೆ ಒಪ್ಪದ ಊರು-ತೂಕದ ಯಂತ್ರಕ್ಕೆ

ಮಾನ್ಯ ಯಂತ್ರರೇ,

ಕಂಪ್ಯೂಟರಿನ ಪರದೆಯ ಮೇಲೆ ಎರಡು ಊರುಗಳ ಹೆಸರು, ಸಂಬಳ ಹಾಕಿದ ಕೂಡಲೇ ಖರ್ಚು ಕಳೆದು ಎಲ್ಲಿ ಎಷ್ಟು ಉಳಿದೀತೆಂದು ರೆಪ್ಪೆ ಬಡಿಯುವುದರೊಳಗೆ ಹೇಳಿಬಿಡುವ ತಮ್ಮ ಘನ ಪಾಂಡಿತ್ಯಕ್ಕೆ ಇಳಕಲ್ಲಿನ ಶಂಕ್ರಪ್ಪನ ಸಾಷ್ಟಾಂಗ ನಮಸ್ಕಾರಗಳು. ಐ ಬೆಗ್ ಟು ಸ್ಟೇಟ್... ಕಾಲೇಜಿನಲ್ಲಿ ಕಲಿತದ್ದರಲ್ಲಿ ನೆನಪಿರುವುದು ಇಷ್ಟೇ; ಮುಂದಿನದನ್ನು ಕನ್ನಡದಲ್ಲೇ ಅರಿಕೆ ಮಾಡುತ್ತೇನೆ.

ನನ್ನ ಮಗಳು ಗೀತಾಂಜಲಿ ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಅವಳಿಗೆ ಗೊತ್ತುಮಾಡಿದ ಕಮತಗಿಯ ವರ ದೀಪಕ ಹೈದರಾಬಾದಿನಲ್ಲಿ ಅದೇ ಕೆಲಸದಲ್ಲಿದ್ದಾನೆ. ಸಂಸಾರ ಯಾವ ಊರಿನಲ್ಲಿ ಹೂಡಬೇಕೆಂಬುದು ಬಗೆಹರಿಯದೆ ಮುಹೂರ್ತ ಎರಡು ಸಲ ಮುಂದೆ ಹೋಯಿತು. ಕೊನೆಗೆ ತಮ್ಮನ್ನು ಹಿರಿಯರೆಂದು ಕೂರಿಸಿ ಕೇಳಿದರೆ, ಪುಣೆಯ ಹೆಚ್ಚಿನ ಸಂಬಳವನ್ನು ಪುಣೆಯ ಬಾಡಿಗೆಯೇ ನುಂಗುತ್ತದೆ, ಆದ್ದರಿಂದ ಎರಡೂ ಊರು ಸಮ ಎಂದು ಅಪ್ಪಣೆ ಕೊಡಿಸಿದಿರಿ. ಎಂಥ ನ್ಯಾಯ! ವರನ ಸೋದರತ್ತೆ ಕಸ್ತೂರಿಬಾಯಿಯವರು "ಸಮಾ ಅಂದ್ರ ಏನ್ರಿ ಬೀಗರ, ತಕ್ಕಡಿ ಕೆಟ್ಟೈತೇನ್ರಿ?" ಎಂದು ಚಹಾ ಬಿಟ್ಟು ಎದ್ದರು.

ಆಗ ನಾನು, ಯಾರೂ ಕೇಳದಿದ್ದರೂ, ಇಳಕಲ್ಲನ್ನೂ ತಮ್ಮ ತಕ್ಕಡಿಗೆ ಹಾಕಿದೆ. ಬಾಡಿಗೆ ಸೊನ್ನೆ, ಏಕೆಂದರೆ ನಮ್ಮ ಮೇಲಿನ ಮಹಡಿ ಖಾಲಿ. ಕಾಯಿಪಲ್ಯವೂ ಸೊನ್ನೆ, ಏಕೆಂದರೆ ನನ್ನ ಹೆಂಡತಿ ಮಾದೇವಿ ತೀರಿಕೊಂಡಂದಿನಿಂದ ಎದುರುಮನೆಯ ದೌಲತಬಿಯವರ ಬಟ್ಟಲು ಪುಂಡಿಪಲ್ಯ ಹೊತ್ತು ಬರುತ್ತದೆ. ಬಂದ ಬಟ್ಟಲನ್ನು ಖಾಲಿ ಕಳಿಸುವ ಪದ್ಧತಿ ನಮ್ಮ ಓಣಿಯಲ್ಲಿಲ್ಲವಾದ್ದರಿಂದ ನಾನು ಶೇಂಗಾ ಚಟ್ನಿ ತುಂಬಿ ಕಳಿಸುತ್ತೇನೆ. ಮರುದಿನ ಅದೇ ಬಟ್ಟಲು, ಬೇರೆ ಪಲ್ಯ. ನಾಲ್ಕು ವರ್ಷವಾಯಿತು, ಇನ್ನೂ ನಿಂತಿಲ್ಲ. ತಾವೋ ಕೆಂಪಕ್ಷರದಲ್ಲಿ, ಸೊನ್ನೆಗಿಂತ ಹೆಚ್ಚಿನ ಅಂಕಿ ಹಾಕಿರೆಂದು ಗದರಿದಿರಿ. ದೌಲತಬಿಯವರಿಗೆ ತೋರಿಸಿದೆ. "ಅಣ್ಣಾರ, ಆ ಮಷೀನಿಗೂ ಒಂದ್ ಬಟ್ಟಲಾ ಕಳಸ್ರಿ, ಪಾಪ, ಹಸದೈತಿ" ಎಂದರು.

ಆ ಕೆಂಪಕ್ಷರದ ಫೋಟೊವನ್ನು ಮಗಳಿಗೆ ಕಳಿಸಿದೆ, ಅವಳು ದೀಪಕನಿಗೆ ಕಳಿಸಿದಳು. ಮೂರು ತಿಂಗಳಲ್ಲಿ ಮೊದಲ ಸಲ ಇಬ್ಬರೂ ಒಂದೇ ಮಾತಿಗೆ ನಕ್ಕರಂತೆ. ನಕ್ಕವರು ಸುಮ್ಮನಿರದೆ ತಮ್ಮ ತಮ್ಮ ಕಂಪನಿಗಳಿಂದ ಒಂದು ವರ್ಷ ಮನೆಯಿಂದಲೇ ಕೆಲಸ ಮಾಡುವ ಒಪ್ಪಿಗೆ ಪಡೆದು, ನನ್ನ ಮಹಡಿಯನ್ನೇ ಗೊತ್ತುಮಾಡಿದ್ದಾರೆ. ಬರುವ ಸೋಮವಾರ ಕೂಡಲಸಂಗಮದಲ್ಲಿ ಅಕ್ಷತೆ. ತಾವು ಹಿರಿಯರಾಗಿ ಮುಂದಿನ ಸಾಲಿನಲ್ಲಿ ಕುಳಿತು ಊಟ ಮಾಡಿಯೇ ಹೋಗತಕ್ಕದ್ದು. ತಮ್ಮ ವೈರು ನಾನು ಹಿಡಿದುಕೊಂಡಿರುತ್ತೇನೆ.

ತಾವು ತೂಗಿದ ಹೊರತು ತರಕಾರಿಯನ್ನೂ ಕೊಳ್ಳದ,
ತಮ್ಮ ವಿಶ್ವಾಸಿ,
ಶಂಕ್ರಪ್ಪ

ತಾ.ಕ.: ಕಸ್ತೂರಿಬಾಯಿಯವರು ಈಗ "ಬಾಡಿಗಿ ಕೊಡದಿದ್ರ ನಮ್ಮ ಹುಡುಗಗ ಮನಿ ಅಳಿಯಾ ಅಂತಾರ್ರಿ" ಎಂದು ಹೊಸ ತಕರಾರು ಎತ್ತಿದ್ದಾರೆ. ಅವರು ತಮ್ಮನ್ನು ವಿಚಾರಿಸಿದರೆ ಬಾಡಿಗೆ ಹತ್ತು ಸಾವಿರವೆಂದು ಧೈರ್ಯವಾಗಿ ತೋರಿಸಿ. ಸೊನ್ನೆಗಿಂತ ಹೆಚ್ಚಿನ ಅಂಕಿ ಬೇಕೆಂದವರು ತಾವೇ ತಾನೆ?