ಭಂಕೂರದಲ್ಲಿ ಛಾವಣಿ ಇಲ್ಲವೆಂದು ತೀರ್ಮಾನವಾದ ಬಗ್ಗೆ

ಭಂಕೂರ ಗ್ರಾಮದ ಮುನ್ನೂರ ಹನ್ನೆರಡು ಮನೆಗಳಿಗೆ ಛಾವಣಿ ಇಲ್ಲವೆಂಬುದು ಹೋದ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಅದಕ್ಕೂ ಮೊದಲು ಇತ್ತು. ನಾನು ಪಂಚಾಯತಿ ಗುಮಾಸ್ತ ಹಣಮಂತರಾಯ. ನನ್ನ ಮನೆಗೂ ಇತ್ತು.

ಸಂಗತಿ ಶುರುವಾದದ್ದು ಜೈತುನ್ಬೀಯ ಅರ್ಜಿಯಿಂದ. ಆಕೆಯ ಗಂಡ ಬಾಬುಮಿಯಾ ಮೂವತ್ತು ವರ್ಷ ಖಣಿಯಲ್ಲಿ ಫರಸಿ ಕಲ್ಲು ಸೀಳಿದವ. ಆ ಧೂಳು ಈಗ ಅವನ ಎದೆಯೊಳಗಿದೆ. ಉಸಿರಿಗೆ ಆಕ್ಸಿಜನ್ ಮಷೀನ್ ಬೇಕು, ಮಷೀನಿಗೆ ಕರೆಂಟ್ ಬೇಕು, ಕರೆಂಟಿಗೆ ಮಾತ್ರ ನಮ್ಮೂರು ಬೇಡ. ದಿನಾ ಮೂರು ತಾಸು ಹೋಗುತ್ತದೆ. ಮನೆ ಮೇಲೆ ಸೌರಫಲಕ ಹಾಕಿಸಿಕೊಡಿರೆಂದು ಆಕೆ ರಾಜ್ಯ ಸೌರಛಾವಣಿ ಪ್ರಾಧಿಕಾರಕ್ಕೆ ಅರ್ಜಿ ಹಾಕಿದಳು. ಬರೆದುಕೊಟ್ಟವ ನಾನೇ.

ಪರಿಶೀಲನಾಧಿಕಾರಿ ಸುರೇಶಕುಮಾರ ಜೀಪಿನಲ್ಲಿ ಬಂದರು. ನಮ್ಮ ಕಡೆ ಕಲ್ಲಿಗೇನು ಬರ, ಮನೆಯ ಮೇಲೂ ಫರಸಿಯ ಚಪ್ಪಡಿಗಳನ್ನೇ ಹೊದಿಸುತ್ತೇವೆ. ಅವರು ಏಣಿ ಹತ್ತಿ ಇಳಿದು, ಕಟ್ಟಡ ಸಾಮಗ್ರಿಗಳ ದಪ್ಪನೆಯ ಸರ್ಕಾರಿ ದರಪಟ್ಟಿ ತೆಗೆದರು.

"ಇದು ಛಾವಣಿ ಅಲ್ಲ. ಪುಟ ನಲವತ್ತೊಂದು: ಶಹಾಬಾದ ಕಲ್ಲು ಅಥವಾ ಫರಸಿ, ನೆಲಹಾಸು ಸಾಮಗ್ರಿ. ನೀವು ಮೇಲೆ ಹಾಕಿರುವುದು ನೆಲ."

"ನೆಲ ಹ್ಯಾಂಗ ಆಗ್ತದ್ರಿ ಸಾಹೇಬ್ರ? ನಾವು ಅದರ ಕೆಳಗ ಇದ್ದೀವಲ್ರಿ," ಅಂದಳು ಜೈತುನ್ಬೀ.

"ಅದೇ ಸಮಸ್ಯೆ," ಎಂದು ಅವರು ಅದನ್ನೂ ಬರೆದುಕೊಂಡರು.

"ಮ್ಯಾಲ ತಗಡು ಹೊದಿಸಿದ್ರ?"

"ನೆಲದ ಮೇಲೆ ತಗಡು ಹಾಕಿದರೆ ಅದು ಶೆಡ್ಡು. ಶೆಡ್ಡಿಗೆ ವಾಸದ ಪತ್ರ ಬೇಕು. ನಿಮ್ಮ ವಾಸ ಕೆಳಗಿದೆಯಲ್ಲಮ್ಮ."

ಹದಿನೈದು ದಿನಕ್ಕೆ ಆದೇಶ ಬಂತು: "ಗ್ರಾಮದ ಎಲ್ಲ ಮನೆಗಳ ಮೇಲಿರುವ ಸದರಿ ಕಲ್ಲು ನೆಲವಾಗಿರುವುದರಿಂದ ಅದರ ಕೆಳಗಿನ ವಾಸವನ್ನು ಭೂಗರ್ಭ ವಾಸವೆಂದು ಪರಿಗಣಿಸಿದೆ. ಭೂಗರ್ಭಕ್ಕೆ ಬಿಸಿಲು ತಲುಪದ ಕಾರಣ ಗ್ರಾಮಸ್ಥರು ಸೌರ ಯೋಜನೆಗೆ ಅರ್ಹರಲ್ಲ. ಕಡತವನ್ನು ರಾಜ್ಯ ಭೂಗರ್ಭ ಬೆಳಕು ನಿಗಮಕ್ಕೆ ವರ್ಗಾಯಿಸಿದೆ."

ಅವತ್ತು ಊರಲ್ಲಿ ನಲವತ್ನಾಲ್ಕು ಡಿಗ್ರಿ ಬಿಸಿಲು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಇಲ್ಲಿ ಪೂಜಾರಿಗೆ ವರವೇ ಕಾಣಲಿಲ್ಲ. ನನಗೆ ಭಾಳ ಸಿಟ್ಟು ಬಂತು. ಸಿಟ್ಟಿಗೆ ಯಾವ ನಮೂನೆಯೂ ಇಲ್ಲದ್ದರಿಂದ ಆದೇಶವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಚಹಾ ಕುಡಿಯಲು ಹೋದೆ.

ಊರಿನವರು ಹೊಂದಿಕೊಂಡರು. ಅನಸುಬಾಯಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿ, "ನೆಲದ ಮ್ಯಾಲ ಅದಾವ, ತುಳೀಬ್ಯಾಡ್ರಿ," ಅಂತ ಕೆಳಗಿನವರಿಗೆ ಕೂಗಿ ಹೇಳತೊಡಗಿದಳು. ಮೂರು ತಾಸು ಕರೆಂಟ್ ಹೋದಾಗ ಜೈತುನ್ಬೀ ಮೊದಲಿನಂತೆ ಬೀಸಣಿಕೆ ಹಿಡಿದು ಕೂಡುತ್ತಿದ್ದಳು. ಎರಡು ಸಲ ಬಾಬುಮಿಯಾನ ತುಟಿ ನೀಲಿಯಾಗಿ, ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದೆವು.

ಆಗಸ್ಟ್‌ನಲ್ಲಿ ನಿಗಮದ ಎಂಜಿನಿಯರ್ ಬಂದು ಶಾಲೆ ಮುಂದೆ ಸಭೆ ಮಾಡಿ, ಮನೆಗೊಂದರಂತೆ ದೀಪದ ಹೆಲ್ಮೆಟ್ ಹಂಚಿದರು. "ಭೂಗರ್ಭ ನಿವಾಸಿಗಳ ಮೊದಲ ಅಗತ್ಯ ಬೆಳಕು. ಉಸಿರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

"ಇದಕ್ಕ ಮಷೀನ್ ಹಚ್ಚಲಿಕ್ಕ ಬರ್ತದೇನ್ರಿ?" ಜೈತುನ್ಬೀ ಕೇಳಿದಳು.

"ಬರೋದಿಲ್ಲ. ನೀರು ತಾಗಿಸಬೇಡಿ, ಅಷ್ಟೇ."

ಬಾಬುಮಿಯಾ ಹೆಲ್ಮೆಟ್ ತಿರುಗಿಸಿ ತಿರುಗಿಸಿ ನೋಡಿದ. "ಖಣ್ಯಾಗ ಮೂವತ್ತ ವರ್ಸ ಇದ್ದಾಗ ಯಾರೂ ಕೊಡ್ಲಿಲ್ಲ. ಮನ್ಯಾಗ ಕುಂತಾಗ ಕೊಟ್ಟಾರ ನೋಡ್ರಿ," ಅಂದು ಬಹಳ ಹೊತ್ತು ಕೆಮ್ಮಿದ.

ಮೊನ್ನೆ ಸಂಜೆ ಕರೆಂಟ್ ಹೋದಾಗ ಅವರ ಮನೆಗೆ ಹೋದೆ. ನಿಗಮಕ್ಕೆ ಫಲಾನುಭವಿಗಳ ಸಂತೃಪ್ತಿ ಪತ್ರ ಕಳಿಸಬೇಕಿತ್ತು. ಜೈತುನ್ಬೀ ಹೆಲ್ಮೆಟ್ ಹಾಕಿಕೊಂಡು, ಗಂಡನ ಎದೆಯ ಮೇಲೆ ಬೆಳಕು ಬಿಟ್ಟು, ಅಲುಗಾಡದೆ ಕೂತಿದ್ದಳು.

"ಹ್ಯಾಂಗದ ಹೆಲ್ಮೆಟ್?" ಎಂದು ಕೇಳಿದೆ.

"ಎದಿ ಏರಲಿಕತ್ತದೋ ಇಲ್ಲೋ, ಇದರಾಗ ಚಲೋ ಕಾಣ್ತದ್ರಿ," ಅಂದಳು, ತಲೆ ತಿರುಗಿಸದೆ.

"ಚಲೋ ಕಾಣ್ತದ" ಎಂದು ಬರೆದು, ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡೆ.