ಲಿಸನರ್ ಕೇಳಿದ ಹೆಸರು

ಗಂಡಸಿಗಿ ಒಮ್ಮೊಮ್ಮಿ ಹೆಂಡತಿ ಮ್ಯಾಲ ಪ್ರೀತಿ ಉಕ್ಕಿ ಬರ್ತದ ನೋಡ್ರಿ, ಅದರಂಥಾ ಅಪಾಯ ಮತ್ತೊಂದಿಲ್ಲ. ಸಿಟ್ಟು ಬಂದ್ರ ಎರಡು ಮಾತು ಬೈತಾನ, ಉಂಡು ಮಲಗ್ತಾನ. ಪ್ರೀತಿ ಬಂದ್ರ ಮಾತ್ರ ಏನರೆ ಒಂದು ಮಾಡಾಕ ಹೋಗ್ತಾನ. ಆಳಂದದ ಅನೀಲಕುಮಾರನೂ ಹಂಗೇ ಮಾಡಾಕ ಹೋದ.

ಅವತ್ತ ಅಂವನ ಲಗ್ನ ಆಗಿ ಒಂಬತ್ತು ವರ್ಷ ತುಂಬಿದ ದಿನ. ಹೆಂಡತಿ ವಿದ್ಯಾವತಿ ಮುಂಜಾನಿ ಎಂಟಕ್ಕೇ ಬಸ್ ಹತ್ತಿ ಕಡಗಂಚಿಗಿ ಹೋಗಿದ್ದಳು. ಅಲ್ಲಿ ಹೆಣ್ಮಕ್ಕಳ ಸಭಾದಾಗ ಆಕಿದೇ ಭಾಷಣ, ವಿಷಯ 'ನಾನು ಮತ್ತು ನನ್ನ ಖಡಕ್ ರೊಟ್ಟಿ'. ರೊಟ್ಟಿ ಧಂದೆ ಆಕಿದು. ಆಳಂದದ ಮನಿ ಹಿಂದ ಹತ್ತು ಒಲಿ ಹೊತ್ತಿ ಉರೀತಾವ. ಅಫಜಲಪುರದಾಗ ಒಂದು ಅಂಗಡಿ, ಅದನ್ನ ಮುಮತಾಜ ನೋಡ್ಕೋತಾಳ. ಜೇವರ್ಗಿಯಾಗ ಇನ್ನೊಂದು, ಅದು ತವರಮನಿ ಪಡಸಾಲಿಯಾಗೇ ಅದ, ತಂಗಿ ವಿಜಯಶ್ರೀ ಕೂಡ್ತಾಳ. ಮೂರೂ ಕಡಿ ಕಂಪ್ಯೂಟರ್. ಯಾರ ಮನಿ ಮದುವಿಗಿ ಎಷ್ಟು ರೊಟ್ಟಿ, ಜೋಳದ್ದೋ ಸಜ್ಜಿದೋ, ಯಾ ಊರಿಗಿ, ಎಷ್ಟು ಗಂಟೇಕ್ಕ, ಎಲ್ಲಾ ಆಳಂದದ ಮನಿಯಾಗ ದೇವರ ಜಗಲಿ ಬಾಜೂಕ ಇರೋ ದೊಡ್ಡ ಮಶೀನಿನ ಹೊಟ್ಟಿಯಾಗ ಇರ್ತದ. ಅದಕ್ಕ ಆಕಿ ಡೇಟಾಬೇಸ್ ಅಂತಾಳ. ಲಗ್ನಕ್ಕ ಮೊದಲ ಕಲಬುರಗಿಯಾಗ ಕಂಪ್ಯೂಟರ್ ಕಲತಾಕಿ, ಎಲ್ಲಾ ತಾನೇ ಕೂಡಿಸಿದ್ದಳು. ಅನೀಲಕುಮಾರ ಮಾತ್ರ ಊರ ತುಂಬ 'ನಮ್ಮ ಸಿಸ್ಟಮ್, ನಮ್ಮ ಸಿಸ್ಟಮ್' ಅಂತ ಹೇಳ್ಕೊಂಡು ತಿರುಗ್ತಿದ್ದ. (ಆ ಸಿಸ್ಟಮಿನಾಗ ಅಂವನ ಅಧಿಕೃತ ಹುದ್ದೆ ರೊಟ್ಟಿ ಬುಟ್ಟಿ ಎಣಿಸೋದು.)

ಹೆಂಡತಿ ಬಸ್ ಹತ್ತಿದ್ದೇ ತಡ, ಅಂವ ಮಶೀನ್ ಮುಂದ ಪದ್ಮಾಸನ ಹಾಕಿ ಕೂತ. ಒಂದು ಫೈಲ್ ತೆರದ. ಕಂಪ್ಯೂಟರುಗೋಳು ಡೇಟಾಬೇಸ್ ಹುಡುಕ್ಕೊಂಡು ಬರಾಕ ವಿಳಾಸ ಬರದಿಟ್ಟ ಫೈಲ್ ಅದು. ಪತ್ರದ ಮ್ಯಾಲ ಊರು, ಓಣಿ, ಹೆಸರು ಬರದಂಗ. ಹೆಸರಿನ ಜಾಗದಾಗ ಯಾವುದೋ ಹೆಂಗಸಿನ ಹೆಸರು ಇತ್ತು. 'ಯಾರಾಕಿ ಈಕಿ? ಮಶೀನ್ ಮಾರಿದವನ ಹೆಂಡತಿ ಇರಬೇಕು. ನನ್ನ ಹೆಂಡತಿ ಧಂದೆಯಾಗ ಮಂದಿ ಹೆಂಡತಿ ಹೆಸರ್ಯಾಕ?' ಅಂತ ಪೂರಾ ಓದಲೂ ಇಲ್ಲ, ಅಳಸಿ ಒಗದ. ಆ ಜಾಗದಾಗ 'ವಿದ್ಯಾವತಿ' ಅಂತ ಒತ್ತಿದ. ಸಂಜೀಕ ಆಕಿ ಇದನ್ನ ನೋಡಿ ಕಣ್ಣಾಗ ನೀರು ತರ್ತಾಳ ಅಂತ ತಾನೇ ಮೊದಲ ಕಣ್ಣಾಗ ನೀರು ತಂದ. ಅಷ್ಟಕ್ಕೇ ಸುಮ್ಮನಿದ್ರ ಬೇಷಿತ್ತು. ಅದೇ ಫೈಲನ್ನ ಅಫಜಲಪುರಕ್ಕೂ ಜೇವರ್ಗಿಗೂ ವಾಟ್ಸಾಪ್ ಮಾಡಿ, "ಹಳೇದು ಅಳಸಿ ಇದನ್ನ ಹಾಕ್ರಿ, ತುರ್ತು" ಅಂತ ಫರ್ಮಾನು ಹೊರಡಿಸಿದ.

ಹತ್ತು ನಿಮಿಷಕ್ಕ ಮುಮತಾಜಳ ಫೋನ್.

"ಭೈಯ್ಯಾ, ಇಲ್ಲಿ ಏನೂ ತೆರೀವಲ್ದು. ಇಂಗ್ಲೀಷಿನಾಗ ಏನೋ ಬೈಯಾಕತ್ಯದ."

"ಏನಂತ ಬೈಯಾಕತ್ಯದ?"

"ನೀವು ಕೇಳೋ ಹೆಸರಿನವರು ಯಾರೂ ಲಿಸನರ್‌ಗಿ ಗೊತ್ತಿಲ್ಲ ಅಂತದ."

ಜೇವರ್ಗಿಯಿಂದ ವಿಜಯಶ್ರೀದೂ ಅದೇ ರಾಗ. ಮನಿ ಮಶೀನಿನಾಗ ನೋಡಿದ್ರ ಅದೇ ಬೈಗಳ. ಅಷ್ಟರಾಗ ಟೆಂಪೋ ಬೀರಣ್ಣ ಬಾಗಿಲದಾಗ ಬಂದು ನಿಂತ. "ಸಾಹುಕಾರ್ರ, ಸಾವಿರದ ಐನೂರು ರೊಟ್ಟಿ ತುಂಬೇನಿ. ಯಾ ಊರಿಗಿ ಒಯ್ಲಿ?"

ಯಾ ಊರಿಗಿ ಅನ್ನೋದು ಮಶೀನಿಗಿ ಗೊತ್ತು. ಮಶೀನ್ ಬಾಯಿ ಬಿಡವಲ್ದು. ಅನೀಲಕುಮಾರ ಕಡಗಂಚಿಗಿ ಫೋನ್ ಹಚ್ಚಿದ.

"ಲಿಸನರ್ ಅಂದ್ರ ಬಾಗಿಲದಾಗ ಕೂತ ಮುದುಕ ಇದ್ದಂಗ್ರಿ," ಅಂದಳು ವಿದ್ಯಾವತಿ. "ಬಂದವರಿಗೆಲ್ಲ 'ಯಾರು ಬೇಕು?' ಅಂತ ಕೇಳ್ತದ. ಸರಿ ಹೆಸರು ಹೇಳಿದ್ರ ಒಳಗ ಬಿಡ್ತದ, ಇಲ್ಲಂದ್ರ ಇಲ್ಲ. ನೀವೇನರೆ ಮುಟ್ಟೀರೇನು?"

"ನಾನಾ? ನಾ ಯಾಕ ಮುಟ್ಟಲಿ?"

"ಹಂಗಾದ್ರ ಹೆಸರು ಅಳಿಸಿ ಹೋಗ್ಯದ. ಭಾಳ ಸರಳ ಅದರಿ. ಹೆಸರಿನ ಜಾಗದಾಗ ನನ್ನ ತವರಮನಿ ಹೆಸರು ಹಾಕ್ರಿ, ಲಗ್ನಕ್ಕ ಮೊದಲಿಂದು. ಗೊತ್ತದಲ್ಲ?"

"ಏ, ಏನ್ ಮಾತು ಆಡ್ತೀ! ಹೆಂಡತಿ ಹೆಸರು ಗೊತ್ತಿಲ್ಲದ ಗಂಡ ಈ ಭೂಮಿ ಮ್ಯಾಲ ಹುಟ್ಯಾನೇನು?" ಅಂತ ನಕ್ಕು ಫೋನ್ ಇಟ್ಟ.

ಹುಟ್ಟಿದ್ದ. ಆಳಂದದಾಗೇ ಹುಟ್ಟಿದ್ದ.

ಅದೇನಾಗಿತ್ತಂದ್ರ, ಅವರ ಮನಿತನದಾಗ ಬಂದ ಸೊಸಿಗಿ ಹೊಸ ಹೆಸರು ಇಡೋದು ರೂಢಿ. ಲಗ್ನದ ದಿನ ತಾಟಿನಾಗ ಅಕ್ಕಿ ಹರವಿ ಇಡ್ತಾರ, ಮದುಮಗ ಉಂಗುರ ಹಿಡಕೊಂಡು ಅಕ್ಕಿಯಾಗ ಹೊಸ ಹೆಸರು ಬರೀತಾನ. ಅನೀಲಕುಮಾರನೂ 'ವಿದ್ಯಾವತಿ' ಅಂತ ಬರದಿದ್ದ. ಅಕ್ಷರ ಮುತ್ತಿನಂಗ ಅವ ಅಂತ ಮಂದಿ ಹೊಗಳಿದ್ರು. ಅವತ್ತಿನಿಂದ ಹಳೆ ಹೆಸರು ಆ ಮನಿಯಾಗ ಯಾರೂ ಎತ್ತಿರಲಿಲ್ಲ. ಹೆಣ್ಣು ನೋಡಾಕ ಹೋದಾಗ ಹೇಳಿದ್ರು, ಖರೆ. ಆದ್ರ ಅವತ್ತ ಅಂವನ ಲಕ್ಷ್ಯ ಪೂರಾ ಸುಸಲಾ ಮತ್ತ ಮಿರ್ಚಿ ಮ್ಯಾಲ ಇತ್ತು. ಈಗ ಆಧಾರ್ ಕಾರ್ಡಿನಾಗ ನೋಡಿದ್ರ ವಿದ್ಯಾವತಿ, ರೇಷನ್ ಕಾರ್ಡಿನಾಗ ನೋಡಿದ್ರ ವಿದ್ಯಾವತಿ. ಶಾಲಿ ಮಾರ್ಕ್ಸ್ ಕಾರ್ಡ್ ತವರಮನಿ ಟ್ರಂಕಿನಾಗ ಕೂತಾವ.

ಅಂವಗ ಖರೇನೇ ಹೆದರಿಕಿ ಬಂತು. ರೊಟ್ಟಿದೇನು ಬಿಡ್ರಿ, ಖಡಕ್ ರೊಟ್ಟಿ ತಿಂಗಳು ಇಟ್ಟರೂ ಕೆಡಂಗಿಲ್ಲ. ಸಂಸಾರ ಹಂಗಲ್ಲ. ಒಂಬತ್ತು ವರ್ಷ ಆಕಿ ಕೈಲೆ ಉಂಡು ಆಕಿ ಹೆಸರೇ ಮರತಾನ ಅಂತ, ಅದೂ ಲಗ್ನದ ದಿನಾನೇ ಗೊತ್ತಾದ್ರ? ಆಕಿ ಬರೋದು ಒಂದೂವರಿಗಿ. ಅಷ್ಟರಾಗ ಹೆಸರು ಹುಡುಕಬೇಕು, ಹುಡುಕಿದ್ದು ಯಾರಿಗೂ ತಿಳೀಬಾರದು. ತನ್ನ ತಂಬಗಿ ಕುತ್ತಿಗಿ ಹಿಡದು ಗಟಗಟ ನೀರು ಕುಡದು, ಜೇವರ್ಗಿಗಿ ಮಾವ ಚಂದ್ರಾಮಪ್ಪಗ ಫೋನ್ ಹಚ್ಚಿದ.

"ಮಾವಾರ, ಆರಾಮದೀರಿ? ಸುಮ್ಮನ ಕೇಳಾಕತ್ತೇನಿ, ನಿಮ್ಮ ದೊಡ್ಡ ಮಗಳಿಗಿ ನೀವು ಏನಂತ ಕರೀತೀರಿ?"

"ತಂಗಿ ಅಂತೀನಿ."

"ಅದಲ್ರಿ. ಆಕಿ ದೂರ ಇದ್ದಾಗ, ಜೋರಾಗಿ ಕರಿಬೇಕಾದ್ರ?"

"ತಂಗೀ! ಅಂತೀನಿ."

"ಅತ್ತಿಯವ್ರು?"

"ಯವ್ವಾ ಅಂತಾಳ. ಸಣ್ಣಾಕಿ ಅಕ್ಕ ಅಂತಾಳ. ಯಾಕ್ರಿ ಅಳಿಯಂದ್ರ, ಬಿಸಲಾಗ ತಿರುಗಿ ಬಂದೀರೇನು? ಒಂದೀಟು ಮಜ್ಜಿಗಿ ಕುಡೀರಿ."

ಮುಮತಾಜಗ ಕೇಳಿದ್ರ "ಭಾಭಿ ಅಂತೀನಿ" ಅಂದಳು. ಬೀರಣ್ಣಗ ಕೇಳಿದ್ರ "ಅಕ್ಕೋರು" ಅಂದ. ನೋಡ್ರಿ ನಮ್ಮ ನಾಡಿನ ಸೊಬಗು! ಹೆಣ್ಣಮಗಳಿಗಿ ತಂಗಿ, ಅಕ್ಕ, ಯವ್ವ, ಭಾಭಿ, ಅಕ್ಕೋರು ಅಂತ ಐದು ಬಿರುದು ಅವ, ಹೆಸರು ಮಾತ್ರ ಯಾರ ಬಾಯಾಗೂ ಇಲ್ಲ. ಅನೀಲಕುಮಾರ ಐದನ್ನೂ ಒಂದೊಂದಾಗಿ ಮಶೀನಿಗಿ ಹಾಕಿ ನೋಡಿದ. ಲಿಸನರ್ ಐದಕ್ಕೂ ಗೊತ್ತಿಲ್ಲ ಅಂತು.

ಇನ್ನ ಉಳದಾಕಿ ಅವ್ವ. ಹೀರಾಬಾಯಿ ಪಡಸಾಲಿಯಾಗ ಕೂತು ಜೋಳ ಹಸನು ಮಾಡಾಕತ್ತಿದ್ದಳು.

"ಅವ್ವಾ, ನಿನ್ನ ಸೊಸಿಗಿ ಲಗ್ನಕ್ಕ ಮೊದಲ ಏನು ಹೆಸರಿತ್ತು?"

"ಅದ್ಯಾಕ ಈಗ? ಬ್ಯಾಡ ಅಂತ ಬದಲಿ ಮಾಡಿಸಿದಾಕಿನೂ ನಾನೇ, ನೆನಪಿಟ್ಕೊಂಡು ಕೂಡಾಕಿನೂ ನಾನೇ ಏನ್ ಲೇ? ನಂದೇ ಹಳೆ ಹೆಸರು ನನಗ ನೆನಪಿಲ್ಲ."

"ನಿಂದೂ ಬದಲಿ ಮಾಡಿದ್ರಾ?"

"ಮತ್ತ! ಹೀರಾಬಾಯಿ ಅನ್ನೋದು ನಿಮ್ಮಜ್ಜಿ ಇಟ್ಟದ್ದು. ಮೊದಲ ಏನೋ ಬ್ಯಾರೆ ಇತ್ತಪಾ." ಅಂದಾಕಿನೇ ಮುದುಕಿ ಕೈಯಾಗಿನ ಜೋಳದ ಮೊರ ಕೆಳಗಿಟ್ಟಳು. "ಏನಿತ್ತು?" ಅಂತ ತನ್ನಷ್ಟಕ್ಕ ತಾನೇ ಕೇಳ್ಕೊಂಡಳು.

ಅನೀಲಕುಮಾರ ಮತ್ತ ತಂಬಗಿ ಎತ್ತಿದ. ನೀರು ಕುಡಿಯೋವಾಗ ಕಣ್ಣು ಗೋಡಿ ಫಳಿ ಮ್ಯಾಲ ಇದ್ದ ಪರಾತದ ಮ್ಯಾಲ ಬಿತ್ತು. ಅದರ ಅಂಚಿನಾಗ 'ಕಸ್ತೂರಿಬಾಯಿ' ಅಂತ ಕೊರದಿತ್ತು. ಅಂವ ನೀರು ನೆತ್ತಿಗೇರಿಸ್ಕೊಂಡು ಕುಣದಾಡಿದ. ಲಗ್ನಕ್ಕ ಬಂದ ಭಾಂಡಿ ಪಾತ್ರಿ ಮ್ಯಾಲೆಲ್ಲ ಹೆಸರು ಹಾಕಿಸಿರ್ತಾರ! ತವರಮನಿಯವರು ಮಗಳ ಹೆಸರು ಹಾಕಿಸದೇ ಬಿಟ್ಟಾರೇನು?

ಅಟ್ಟ ಹತ್ತಿದ. ಮೊದಲ ಕೈಗಿ ಸಿಕ್ಕದ್ದು ಒಂದು ಹಳೆ ತಾಮ್ರದ ಕೊಡ. ಧೂಳ ಒರಸಿ ಓದಿದ. "ಅವ್ವಾ, ಈ ಗುರುಬಾಯಿ ಯಾರು?"

ಬಗ್ಗಿ ನೋಡಿದ್ರ ಅವ್ವ ಎದ್ದು ನಿಂತಾಳ, ಕಣ್ಣು ಇಷ್ಟಗಲ ಆಗ್ಯಾವ.

"ಅಯ್ಯ ನಮ್ಮವ್ವ! ಅದು ನಾನೇ ಅಲ್ಲೇನೋ! ಇನ್ನೊಮ್ಮಿ ಅನ್ನು."

"ಗುರುಬಾಯಿ."

"ಓ..." ಅಂತ ಸಣ್ಣ ಹುಡುಗಿ ಹಂಗ ಓಗೊಟ್ಟಳು.

ಭಾಂಡಿ ವಿದ್ಯೆ ಖರೆ ಅಂತ ಸಾಬೀತಾತು. ಒಂದು ತಾಸಿನಾಗ ನಲವತ್ತು ಭಾಂಡಿ ಮಶೀನಿನ ಸುತ್ತ ಬಂದು ಕೂತವು. ಕಸ್ತೂರಿಬಾಯಿ ಹಾಕಿದ, ಗೊತ್ತಿಲ್ಲ. ಸವಟಿನ ಮ್ಯಾಲ ಸುಲ್ತಾನಬಿ, ಗೊತ್ತಿಲ್ಲ. ಹಿಟ್ಟಿನ ಡಬ್ಬಿ ಮ್ಯಾಲ ಗೌಸಮೊಹಿದ್ದೀನ ಅಂತಿತ್ತು. ಗಂಡಸಿನ ಹೆಸರು ಖರೆ, ಇರ್ಲಿ ಅಂತ ಅದನ್ನೂ ಹಾಕಿದ, ಗೊತ್ತಿಲ್ಲ. ಇವೆಲ್ಲಾ ಲಗ್ನಕ್ಕ ಬಂದು ಆಹೇರಿ ಕೊಟ್ಟ ಮಂದಿ ಹೆಸರು ಅನ್ನೋದು ಅಂವನ ತಲಿಗಿ ಹೊಳೀಲೇ ಇಲ್ಲ. ಒಂದು ತಾಟಿನ ಮ್ಯಾಲ ಹೆಸರೇ ಇರಲಿಲ್ಲ, 'ಸದಾ ಸುಖಿಯಾಗಿರಿ' ಅಂತಿತ್ತು. ಅದನ್ನೂ ಹಾಕಿದ. ಲಿಸನರ್‌ಗಿ ಅದೂ ಗೊತ್ತಿರಲಿಲ್ಲ. ಐದು ಹೆಸರಿಗೊಮ್ಮಿ ತಂಬಗಿ ಎತ್ತಿ ನೀರು ಕುಡಿಯೋದು, ಮತ್ತ ಶುರು ಮಾಡೋದು. ಬೀರಣ್ಣ ಬಾಗಿಲದಾಗ ನಿಂತು ಇದನ್ನೆಲ್ಲ ನೋಡಿ, "ಸಾಹುಕಾರ್ರಿಗಿ ಗಾಳಿ ಹೊಕ್ಕದ" ಅಂತ ಮೆಲ್ಲಕ ಟೆಂಪೋದಾಗ ಹೋಗಿ ಕೂತ.

ಒಂದೂವರಿಗಿ ವಿದ್ಯಾವತಿ ಬಂದಳು. ಹೊಸ್ತಿಲದಾಗೇ ನಿಂತಳು.

"ಏನ್ರೀ ಇದು! ಭಾಂಡಿ ಅಂಗಡಿ ಇಟ್ಟೀರೇನು?"

"ನಿನ್ನ ಲಿಸನರ್ ಕೆಟ್ಟದ. ಸರಿ ಹೆಸರು ಹಾಕಿದ್ರೂ ಒಪ್ಪವಲ್ದು."

"ಯಾವ ಹೆಸರು ಹಾಕಿರಿ?"

ಅನೀಲಕುಮಾರ ಮ್ಯಾಲ ನೋಡಿದ. ಅಟ್ಟದಾಗ ಇನ್ನೂ ಎರಡು ಡಬ್ಬಿ ಉಳದಿದ್ದವು. ಆಕಿ ಭಾಂಡಿ ನೋಡಿದಳು, ಪರದೆ ನೋಡಿದಳು, ಗಂಡನ ಮಾರಿ ನೋಡಿದಳು. ಆಕಿಗಿ ಎಲ್ಲಾ ತಿಳೀತು.

"ಬಿಸಲಾಗ ಬಂದೀನಿ. ಒಂದೀಟು ನೀರರೆ ಕೊಡ್ರಿ."

ಅಂವ ಕೈಯಾಗಿನ ತಂಬಗಿ ಚಾಚಿದ. ಆಕಿ ತಗೊಂಡು ಕುಡದಳು. ಕುಡದು, ತಂಬಗಿ ತಿರುಗಿಸಿ ಅಂವನ ಮೂಗಿನ ಮುಂದ ಹಿಡದಳು.

"ಎಲ್ಲಾರ ಭಾಂಡಿ ಓದೀರಿ. ಕೈಯಾಗಿಂದು ಓದಲಿಲ್ಲಲ್ರಿ."

ತಂಬಗಿ ಕುತ್ತಿಗಿ ಸುತ್ತ ಅಕ್ಷರ ಇದ್ದವು. ಒಂಬತ್ತು ವರ್ಷ ಅಂವನ ಬೆರಳು ತಿಕ್ಕಿ ತಿಕ್ಕಿ ಸವದಿದ್ದವು, ಆದ್ರೂ ಓದಾಕ ಬರ್ತಿತ್ತು. 'ಜಗದೇವಿ'.

ಭೂಮಿ ಬಾಯಿ ಬಿಟ್ಟರ ಒಳಗ ಹೋಗಬೇಕು ಅನ್ನಿಸ್ತು ಅಂವಗ. ಆಕಿ ನಿಂತಲ್ಲೇ ಬಗ್ಗಿ ಆ ಹೆಸರು ಒತ್ತಿದಳು, ಫೈಲ್ ಎರಡೂ ಅಂಗಡಿಗಿ ಕಳಿಸಿದಳು. ಬಾಗಿಲದ ಮುದುಕ ಒಂದು ಮಾತೂ ಆಡದೇ ಎದ್ದು ಒಳಗ ಬಿಟ್ಟ. ಅಫಜಲಪುರದಿಂದ ಮುಮತಾಜ ಫೋನಿನಾಗ "ಆತು ಭಾಭಿ, ತೆರೀತು!" ಅಂತ ಕೂಗಿದಳು. "ಬೀರಣ್ಣ, ಹವಳಗಾಕ್ಕ! ಮೂರಕ್ಕ ಊಟಕ್ಕ ಕೂಡ್ತಾರ, ಲಗೂ ಹೋಗು!" ಅಂತ ಟೆಂಪೋ ಕಳಿಸಿ ಬಂದು ಆಕಿ ಅಂವನ ಮುಂದ ಕೂತಳು. ಬೈದಿದ್ರ ಅಂವಗ ಎಷ್ಟೋ ಸಮಾಧಾನ ಆಗ್ತಿತ್ತು.

"ಮಶೀನಿಗಿ ಆ ಹೆಸರು ಯಾಕ ಇಟ್ಟಿದ್ದೆ ಗೊತ್ತದೇನ್ರಿ? ಆಧಾರ್‌ದಾಗ ಇಲ್ಲ, ಈ ಮನಿಯಾಗ ಯಾರ ಬಾಯಾಗೂ ಇಲ್ಲ. ದಿನಾ ಮುಂಜಾನಿ ಮೂರು ಊರಾಗ ಮೂರು ಮಶೀನರೆ ಆ ಹೆಸರು ಕೇಳ್ಕೊಂಡು ಬರ್ಲಿ ಅಂತ."

ಅನೀಲಕುಮಾರ ಬೆಳಿಗ್ಗಿ ಮಾಡಿದ ಪ್ರೀತಿ ಪ್ರಕರಣ ಎಲ್ಲಾ ಒಪ್ಕೊಂಡ. "ತಪ್ಪಾತು. ಇನ್ನ ಮ್ಯಾಲ ನಾ ನಿನಗ ಜಗದೇವಿ ಅಂತೇ ಕರೀತೀನಿ."

"ಕರೀರಿ," ಅಂತ ಆಕಿ ಎದ್ದಳು. "ಎರಡು ಸಲ ನನ್ನ ಹೆಸರು ಅಳಸೀರಿ. ನಾ ಒಂದೇ ಸಲ ಅಳಸ್ತೀನಿ. ಮಶೀನಿನಾಗ ನಿಮ್ಮ ಹಳೆ ಹೆಸರು ತಗದು ಹೊಸದು ಇಡಾಕತ್ತೇನಿ. ಅದನ್ನ ಒತ್ತಿದ್ರಷ್ಟೇ ನೀವು ಒಳಗ. ಹ್ಯಾಂಗೂ ಲಗ್ನದ ದಿನ ಅದ, ಉಂಗುರ ಕೊಡ್ರಿ ಇಲ್ಲಿ. ಭಾಂಡಿ ಅಟ್ಟಕ್ಕ ಏರಿಸಿ ಬರ್ರಿ, ಒಲಿ ಕಟ್ಟಿ ಮ್ಯಾಲ ಅಕ್ಕಿ ತಾಟಿನಾಗ ಬರದಿಟ್ಟಿರ್ತೀನಿ. ಓದ್ಕೋರಿ."

ನಲವತ್ತು ಭಾಂಡಿ ಏರಿಸಿ, ಬೆವರು ಒರಸ್ಕೋತ ಅಂವ ಅಡಗಿಮನಿಗಿ ಬಂದಾಗ ಕಟ್ಟಿ ಮ್ಯಾಲ ತಾಟು ಖಾಲಿ ಇತ್ತು. ಉಂಗುರ ಒಂದೇ ಮೂಲ್ಯಾಗ ಬಿದ್ದಿತ್ತು.

"ಅವ್ವಾ, ಇಲ್ಲಿ ಅಕ್ಕಿ ಇತ್ತಲ್ಲ?" ಮಾತಿಲ್ಲ. "ಅವ್ವಾ! ಏ ಹೀರಾಬಾಯಿ!" ಮುದುಕಿ 'ಯಾರೀ ಹೀರಾಬಾಯಿ' ಅನ್ನೋ ಹಂಗ ಜೋಳ ಆರಿಸಾಕತ್ತಿದ್ದಳು. ಕಡೀಕ ಅಂವಗ ಹೊಳೀತು. "ಗುರುಬಾಯಿ!"

"ಓ... ಆ ಅಕ್ಕಿ ಏನು? ಯಾರೋ ಗೀರಿ ಗೀರಿ ಇಟ್ಟಿದ್ರು. ತೊಳದು ಕುಕ್ಕರಿಗಿ ಹಾಕೀನಪಾ."

ಕುಕ್ಕರ್ ಮೂರನೇ ಸೀಟಿ ಹೊಡೀತು. ಅಂವ ಓಡಿ ಹೋಗಿ ಮಶೀನಿನಾಗ 'ಅನೀಲಕುಮಾರ' ಅಂತ ಒತ್ತಿದ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತು.

"ಏನಂತ ಬರದಿದ್ದಿ? ಒಮ್ಮಿ ಹೇಳಬೇ, ಜಗದೇವಿ."

"ನೀವೂ ಒಂದೇ ಸಲ ಬರದಿದ್ರಿ, ನಾನೂ ಒಂದೇ ಸಲ ಬರದೀನಿ. ನೆನಪಿಲ್ಲಂದ್ರ ನಿಮ್ಮ ಮಂದೀಗಿ ಕೇಳ್ರಿ."

ಹಸಿವಿ ಬ್ಯಾರೆ ಆಗಿತ್ತು. ಅಂವ ತಾಟಿನ ಮುಂದ ಕೂತ. ಆಕಿ ಬಿಸಿ ಅನ್ನ ಬಡಿಸಿದಳು, ಮ್ಯಾಲ ಬ್ಯಾಳಿ ಹಾಕಿದಳು. ಅಂವ ಕಲಸಿ ಕಲಸಿ ಒಂದೊಂದೇ ತುತ್ತು ಉಂಡ.

"ಇನ್ನೊಂದೀಟು ಹಾಕ್ಲೇನ್ರಿ?" ಅಂದಳು ಆಕಿ. "ನಿಮ್ಮದೇ ಹೆಸರು ಅದ, ನಾಚ್ಕೋಬ್ಯಾಡ್ರಿ."

ಅನೀಲಕುಮಾರ ತಾಟು ಮುಂದ ಸರಿಸಿದ.